ಚಳಿ ಹೆಚ್ಚಿದಷ್ಟೂ ಬಯಲಾಗುವ ಹರಳಿನ ಸೋರಿಕೆ

ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯ ಮೈಗೆ ಗಾಳಿ ತಾಗಿದೊಡನೆ ತೆಳುವಾದ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಆ ಪೊರೆ ಅಲ್ಯೂಮಿನಿಯಂ ಆಕ್ಸೈಡ್. ಎಷ್ಟು ಉಜ್ಜಿದರೂ ಗೀರು ಬೀಳದ ದುಬಾರಿ ಕೈಗಡಿಯಾರದ ಮುಖಗಾಜು ಕೂಡ ಅಲ್ಯೂಮಿನಿಯಂ ಆಕ್ಸೈಡೇ, ಆದರೆ ಅದು ನೀಲಮಣಿಯ ಹರಳು. ಎರಡು ಅಲ್ಯೂಮಿನಿಯಂ ಪರಮಾಣುಗಳಿಗೆ ಮೂರು ಆಕ್ಸಿಜನ್ ಎಂಬ ಲೆಕ್ಕ ಇಲ್ಲೂ ಅದೇ, ಅಲ್ಲೂ ಅದೇ. ಬೇರೆಯಾಗಿರುವುದು ಕೂತಿರುವ ರೀತಿ. ಹರಳಿನಲ್ಲಿ ಪರಮಾಣುಗಳು ಸಾಲು ತಪ್ಪದೆ ಕೂತಿವೆ. ಪೊರೆಯಲ್ಲಿ ಜಾಗ ಸಿಕ್ಕಲ್ಲಿ ಕೂತಿವೆ.

ಈ ಎರಡು ರೂಪಗಳು ಎದುರುಬದುರಾಗುವ ಜಾಗವೊಂದಿದೆ. ತಡೆಯಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕ ಲೋಹಗಳಿಂದ ಕ್ವಾಂಟಂ ಕಂಪ್ಯೂಟರಿನ ಚಿಪ್ ಮಾಡುವ ಹಲವು ಪ್ರಯೋಗಾಲಯಗಳು ಅಡಿಗೆ ನೀಲಮಣಿಯ ಬಿಲ್ಲೆ ಇಟ್ಟು, ಅದರ ಮೇಲೆ ವಿದ್ಯುತ್ ಮಂಡಲ ಬರೆಯುತ್ತವೆ. ಮಂಡಲದ ಹೃದಯಭಾಗದಲ್ಲಿರುವ ಜೋಸೆಫ್ಸನ್ ಸಂಧಿಯಲ್ಲಿ ಎರಡು ಲೋಹದ ಪದರಗಳ ನಡುವೆ ಒಂದೆರಡು ನ್ಯಾನೊಮೀಟರ್ ದಪ್ಪದ, ಸಾಲುಗೆಟ್ಟ ಅಲ್ಯೂಮಿನಿಯಂ ಆಕ್ಸೈಡ್ ಇರುತ್ತದೆ. ನಿರಪೇಕ್ಷ ಶೂನ್ಯಕ್ಕಿಂತ ಕೂದಲೆಳೆಯಷ್ಟು ಮೇಲಿನ ಚಳಿಯಲ್ಲಿ ಅಳೆದರೆ, ಮೈಕ್ರೊವೇವ್ ಶಕ್ತಿಯನ್ನು ನುಂಗುವ ವಿಚಾರದಲ್ಲಿ ಈ ಎರಡು ಆಕ್ಸೈಡ್‌ಗಳ ನಡುವೆ ಹತ್ತಿರಹತ್ತಿರ 50 ಸಾವಿರ ಪಟ್ಟು ಅಂತರವಿದೆ.

ನುಂಗುವುದು ಎಂದರೇನು? ವಿದ್ಯುತ್ ಹರಿಯಗೊಡದ ವಸ್ತುವನ್ನು ಭೌತವಿಜ್ಞಾನಿಗಳು ಡೈಎಲೆಕ್ಟ್ರಿಕ್ ಎನ್ನುತ್ತಾರೆ. ಹರಿಯಗೊಡುವುದಿಲ್ಲ ಎಂದ ಮಾತ್ರಕ್ಕೆ ಅದು ಸುಮ್ಮನಿರುತ್ತದೆ ಎಂದಲ್ಲ. ಮೈಕ್ರೊವೇವ್ ಕ್ಷೇತ್ರ ಸೆಕೆಂಡಿಗೆ ನೂರಾರು ಕೋಟಿ ಸಲ ದಿಕ್ಕು ಬದಲಿಸುವಾಗ ವಸ್ತುವಿನೊಳಗಿನ ಧನ, ಋಣ ಆವೇಶಗಳು ಅದರ ಜೊತೆ ಅತ್ತಿತ್ತ ಜರುಗುತ್ತವೆ. ಜರುಗಿದಾಗ ಪಡೆದ ಶಕ್ತಿಯನ್ನು ಮರಳುವಾಗ ಹಿಂದಿರುಗಿಸುತ್ತವೆ, ಆದರೆ ಪೂರ್ತಿ ಅಲ್ಲ. ಸ್ವಲ್ಪ ಶಾಖವಾಗಿ ಸೋರಿಹೋಗುತ್ತದೆ. ಮೈಕ್ರೊವೇವ್ ಒಲೆಯಲ್ಲಿ ತಂಗಳನ್ನ ಬಿಸಿಯಾಗುವುದು ಈ ಸೋರಿಕೆಯಿಂದಲೇ. ಅಲ್ಲಿ ನಷ್ಟವೇ ಲಾಭ. ಸೋರಿದ ಪಾಲಿನ ಅಳತೆಗೆ ಲಾಸ್ ಟ್ಯಾಂಜೆಂಟ್ ಎಂದು ಹೆಸರು. ಅದನ್ನು ತಲೆಕೆಳಗು ಮಾಡಿದರೆ ಗುಣಾಂಕ ಸಿಗುತ್ತದೆ, ಪ್ರಯೋಗಾಲಯದ ಮಾತಿನಲ್ಲಿ 'ಕ್ಯೂ'. ಕ್ಯೂ ದೊಡ್ಡದಾದಷ್ಟೂ ಒಳಗೆ ಬಿಟ್ಟ ಅಲೆ ಹೆಚ್ಚು ಹೊತ್ತು ಉಳಿಯುತ್ತದೆ.

ಲೋಹದ ಡಬ್ಬಿಯೊಳಗೆ ಅಲೆಯನ್ನು ಕೂಡಿಹಾಕಿದರೆ ಮೊದಲು ಸೋರುವುದು ಲೋಹದ ಗೋಡೆಯಲ್ಲೇ. ಆ ಗೋಡೆಯನ್ನು ನಯೋಬಿಯಂನಿಂದ ಮಾಡಿ 9.2 ಕೆಲ್ವಿನ್‌ಗಿಂತ ಕೆಳಗೆ ತಂಪಾಗಿಸಿದರೆ ಅದು ಅತಿವಾಹಕವಾಗುತ್ತದೆ, ಗೋಡೆಯ ನಷ್ಟ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆಗ ಒಳಗಿರುವ ಅವಾಹಕದ ತಪ್ಪು ಎದ್ದುಕಾಣುತ್ತದೆ. ಅತಿವಾಹಕಗಳ ಲೋಕದಲ್ಲಿ ಆಕ್ಸೈಡ್ ಹರಳುಗಳಿಗೆ ಇಷ್ಟು ಮಹತ್ವ ಬಂದದ್ದು ಈ ಕಾರಣಕ್ಕೆ.

ಗೋಡೆಯ ಕಾಟದಿಂದ ತಪ್ಪಿಸಿಕೊಳ್ಳಲು ಇನ್ನೊಂದು ಉಪಾಯವೂ ಉಂಟು, ಅದರ ಮೂಲ ಗುಮ್ಮಟಗಳಲ್ಲಿದೆ. ವಿಜಯಪುರದ ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರಿಗೆ ಕೇಳಿಸುವುದನ್ನು ನಮ್ಮಲ್ಲಿ ಶಾಲೆಯ ಪ್ರವಾಸಕ್ಕೆ ಹೋದ ಎಲ್ಲರೂ ಬಲ್ಲರು. ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಗುಮ್ಮಟದಲ್ಲೂ ಹೀಗೇ. ಸದ್ದು ಬಾಗಿದ ಗೋಡೆಗೆ ಅಂಟಿಕೊಂಡು ಸಣ್ಣಸಣ್ಣ ಪ್ರತಿಫಲನಗಳಲ್ಲಿ ಸುತ್ತುವರಿಯುತ್ತದೆ ಎಂದು ಲಾರ್ಡ್ ರೇಲಿ ಲೆಕ್ಕ ಹಾಕಿ ತೋರಿಸಿದ್ದರು. ಸಿ.ವಿ. ರಾಮನ್ 1921ರಲ್ಲಿ ಸೇಂಟ್ ಪಾಲ್ಸ್‌ನಲ್ಲಿ ಸ್ವತಃ ಪರೀಕ್ಷೆ ನಡೆಸಿ, ಸದ್ದಿನ ಏರಿಳಿತ ರೇಲಿ ಹೇಳಿದ್ದಕ್ಕಿಂತ ಹೆಚ್ಚು ಜಟಿಲವಾಗಿದೆ ಎಂದು ಸದರ್ಲೆಂಡ್ ಜೊತೆಗೂಡಿ 'ನೇಚರ್'ನಲ್ಲಿ ಬರೆದರು. ನೀಲಮಣಿಯ ದುಂಡುಬಿಲ್ಲೆಯಲ್ಲಿ ಮೈಕ್ರೊವೇವ್ ಕೂಡ ಹೀಗೆಯೇ ಅಂಚಿಗಂಟಿ ಸುತ್ತುತ್ತದೆ. ಅಲೆ ಹರಳಿನೊಳಗೇ ಉಳಿಯುವುದರಿಂದ ಹೊರಗಿನ ಡಬ್ಬಿ ಯಾವ ಲೋಹದ್ದು ಎಂಬುದು ಅಷ್ಟಾಗಿ ಮುಖ್ಯವಲ್ಲ. ಸೋರಿಕೆ ಎಷ್ಟಿದ್ದರೂ ಅದು ಹರಳಿನದೇ.

ಹಾಗಾದರೆ ಹರಳು ಎಷ್ಟು ನುಂಗುತ್ತದೆ? ಇದನ್ನು ಹಟಹಿಡಿದು ಅಳೆದವರು ಮಾಸ್ಕೊ ವಿಶ್ವವಿದ್ಯಾಲಯದ ವ್ಲಾದಿಮಿರ್ ಬ್ರಗಿನ್‌ಸ್ಕಿ. ಗುರುತ್ವ ಅಲೆಗಳನ್ನು ಹಿಡಿಯಬೇಕೆಂಬ ಹಂಬಲದಲ್ಲಿ, ಶಕ್ತಿ ಸೋರದ ವಸ್ತು ಎಲ್ಲಿದೆ ಎಂದು ಹುಡುಕುತ್ತ ಹೊರಟ ಮನುಷ್ಯ. ನೀಲಮಣಿ ಬೆಳೆಸುವುದರಲ್ಲಿ ಪಳಗಿದ್ದ ಖಾಚಿಕ್ ಬಗ್ದಸಾರೊವ್ ಅವರ ಜೊತೆ ಸೇರಿ 1987ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ ಇಂದಿಗೂ ಈ ಕ್ಷೇತ್ರದ ಅಡಿಗಲ್ಲು. ಎಷ್ಟೇ ಪರಿಶುದ್ಧ ಹರಳಾದರೂ ಅದರ ಪರಮಾಣುಗಳು ಉಷ್ಣತೆಯಿಂದ ಕಂಪಿಸುತ್ತಲೇ ಇರುತ್ತವೆ, ಮೈಕ್ರೊವೇವ್ ಶಕ್ತಿ ಆ ಕಂಪನಗಳಿಗೆ ಹಂಚಿಹೋಗುತ್ತದೆ. ಹರಳು ತನ್ನ ಸ್ವಭಾವದಿಂದಲೇ ಮಾಡುವ ಈ ನಷ್ಟವನ್ನು ಬೆಳೆಸುವವರ ಜಾಣ್ಮೆಯಿಂದ ತಪ್ಪಿಸಲಾಗದು. ಆದರೆ ಚಳಿಯಿಂದ ತಪ್ಪಿಸಬಹುದು. ನೀಲಮಣಿಯಲ್ಲಿ ಈ ನಷ್ಟ ಉಷ್ಣತೆಯ ಹೆಚ್ಚುಕಡಿಮೆ ಐದನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ: ಉಷ್ಣತೆ ಅರ್ಧವಾದರೆ ನಷ್ಟ 30ರಲ್ಲೊಂದು ಪಾಲು.

ಸುಮಾರು 10 ಗಿಗಾಹರ್ಟ್ಸ್ ಆವರ್ತನದಲ್ಲಿ ಒಳ್ಳೆಯ ನೀಲಮಣಿಯ ಕ್ಯೂ ಕೋಣೆಯ ಉಷ್ಣತೆಯಲ್ಲಿ ಒಂದೆರಡು ಲಕ್ಷ. ದ್ರವ ನೈಟ್ರೊಜನ್ನಿನ 77 ಕೆಲ್ವಿನ್‌ನಲ್ಲಿ ಕೋಟಿ ದಾಟುತ್ತದೆ. ದ್ರವ ಹೀಲಿಯಂನ 4 ಕೆಲ್ವಿನ್‌ಗೆ ಬಂದರೆ 100 ಕೋಟಿ. ಕ್ಯೂ 100 ಕೋಟಿ ಇರುವ, ಐದು ಸೆಂಟಿಮೀಟರ್ ಅಗಲದ ಬಿಲ್ಲೆಯಲ್ಲಿ ಅಲೆ ಸುಮಾರು 16 ಮಿಲಿಸೆಕೆಂಡ್ ಬಾಳುತ್ತದೆ. ಅಷ್ಟರಲ್ಲಿ ಅದು ಹತ್ತಿರಹತ್ತಿರ ಕೋಟಿ ಸುತ್ತು ಹಾಕಿ, ಸಾವಿರದೈನೂರು ಕಿಲೊಮೀಟರ್ ದಾರಿ ಸವೆಸಿರುತ್ತದೆ. ಇದೆಲ್ಲ ಅಂಗೈಯಲ್ಲಿ ಹಿಡಿಯುವ ಹರಳೊಂದರ ಒಳಗೆ.

ಈ ಗುಣವನ್ನು ಗಡಿಯಾರಕ್ಕೆ ದುಡಿಸಿದವರು ಪರ್ತ್‌ನ ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾಲಯದವರು. ಡೇವಿಡ್ ಬ್ಲೇರ್ ಶುರುಮಾಡಿದ ಕೆಲಸವನ್ನು ಮೈಕಲ್ ಟೋಬರ್, ಆಂಥೊನಿ ಮ್ಯಾನ್, ಆಂಡ್ರೆ ಲ್ಯೂಟನ್ ಮುಂದೆ ಒಯ್ದರು. ಅವರ ನೀಲಮಣಿ ಆಂದೋಲಕಗಳು ಅಲ್ಪಾವಧಿಯ ಸ್ಥಿರತೆಯಲ್ಲಿ ಪರಮಾಣು ಗಡಿಯಾರಗಳನ್ನೂ ಹಿಂದೆ ಹಾಕಿದವು. ಪ್ಯಾರಿಸ್ ವೀಕ್ಷಣಾಲಯದ ಸೀಸಿಯಂ ಗಡಿಯಾರ 1999ರಲ್ಲಿ ಸ್ಥಿರತೆಯಲ್ಲಿ ಕ್ವಾಂಟಂ ನಿಯಮಗಳು ಬಿಡುವ ಕೊನೆಯ ಅಂಚು ಮುಟ್ಟಿತು; ಅದಕ್ಕೆ ತಾಳ ಕೊಟ್ಟದ್ದು ಪರ್ತ್‌ನಿಂದ ಹೋದ ನೀಲಮಣಿ.

ಈ ಕಥೆಯಲ್ಲಿ ನನಗೆ ಅತಿ ಇಷ್ಟವಾದದ್ದು ಕೊಳೆಯ ಪಾತ್ರ. ಹೆಸರಿಗೆ ನೀಲಮಣಿಯಾದರೂ ಪರಿಶುದ್ಧ ಹರಳಿಗೆ ಬಣ್ಣವಿಲ್ಲ. ನೀಲಿ ಬರುವುದು ಕಬ್ಬಿಣ ಮತ್ತು ಟೈಟಾನಿಯಂನಿಂದ, ಕೊಂಚ ಕ್ರೋಮಿಯಂ ಬೆರೆತರೆ ಅದೇ ಮಾಣಿಕ್ಯ. ಪ್ರಯೋಗಾಲಯದ ಅತಿ ಶುದ್ಧ ಹರಳಿನಲ್ಲೂ ಹತ್ತು ಲಕ್ಷದಲ್ಲೊಂದು ಪಾಲು, ಅದಕ್ಕೂ ಕಡಿಮೆ, ಈ ಲೋಹಗಳು ಉಳಿದಿರುತ್ತವೆ. ಇವು ಪುಟ್ಟ ಕಾಂತಗಳು. ಕ್ರೋಮಿಯಂ 11.4 ಗಿಗಾಹರ್ಟ್ಸ್ ಸುಮಾರಿನಲ್ಲಿ, ಕಬ್ಬಿಣ 12 ಗಿಗಾಹರ್ಟ್ಸ್ ಸುಮಾರಿನಲ್ಲಿ ಅಲೆಯನ್ನು ಹೀರುತ್ತವೆ. ಅಂದರೆ ನಷ್ಟ. ಆದರೆ ಚಳಿಯಲ್ಲಿ ಅವುಗಳ ಕಾಂತಗುಣ ಹರಳಿನ ಆವರ್ತನವನ್ನು ಒಂದು ಕಡೆ ಎಳೆದರೆ, ಹರಳಿನ ಸ್ವಂತ ಉಷ್ಣಗುಣ ಇನ್ನೊಂದು ಕಡೆ ಎಳೆಯುತ್ತದೆ. ಆರೇಳು ಕೆಲ್ವಿನ್‌ನ ಆಸುಪಾಸಿನಲ್ಲಿ ಎರಡೂ ಸರಿತೂಗಿ, ಉಷ್ಣತೆ ಕೊಂಚ ಆಚೀಚೆಯಾದರೂ ಆವರ್ತನ ಕದಲುವುದಿಲ್ಲ. ಗಡಿಯಾರ ಮಾಡುವವರಿಗೆ ಇದಕ್ಕಿಂತ ದೊಡ್ಡ ವರ ಬೇಕೆ? ಸಂಪೂರ್ಣ ಶುದ್ಧ ನೀಲಮಣಿ ಸಿಕ್ಕಿದ್ದರೆ ಆ ವರ ಸಿಗುತ್ತಿರಲಿಲ್ಲ. ಫ್ರಾನ್ಸಿನ ಬೆಸಾನ್ಸೊನ್‌ನ ತಂಡ 2005ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹರಳಿನಲ್ಲಿ ಅಕಸ್ಮಾತ್ ಉಳಿದ ಕಬ್ಬಿಣದ ಅಯಾನುಗಳಿಂದಲೇ ಮೇಸರ್, ಅಂದರೆ ಮೈಕ್ರೊವೇವಿನ ಲೇಸರ್, ಹೊತ್ತಿಸಿ ತೋರಿಸಿತು.

ಉಳಿದ ಆಕ್ಸೈಡ್‌ಗಳ ಬಗ್ಗೆ ಎರಡು ಮಾತು ಸಾಕು. ದ್ರವ ನೈಟ್ರೊಜನ್ನಿನಲ್ಲೇ ಅತಿವಾಹಕವಾಗುವ ಪಿಂಗಾಣಿಗಳು 1987ರಲ್ಲಿ ಬಂದಾಗ ಅವನ್ನು ಕೂರಿಸಲು ಲ್ಯಾಂಥನಂ ಅಲ್ಯೂಮಿನೇಟ್ ಹರಳು ಬಹಳ ಬಳಕೆಗೆ ಬಂತು. ಅದರ ದುರದೃಷ್ಟವೆಂದರೆ, ಹರಳಿನ ದೋಷಗಳಿಂದ ಹುಟ್ಟುವ ನಷ್ಟ 70 ಕೆಲ್ವಿನ್‌ನ ಹತ್ತಿರ ದಿಬ್ಬದಂತೆ ಏಳುತ್ತದೆ, ಅಂದರೆ ನೈಟ್ರೊಜನ್ನಿನ ಉಷ್ಣತೆಯ ಮಗ್ಗುಲಲ್ಲೇ. ಚಳಿ ಹೆಚ್ಚಿದಂತೆ ನಷ್ಟ ಸರಾಗವಾಗಿ ಇಳಿಯುತ್ತದೆಂಬ ನಂಬಿಕೆಗೆ ಅಲ್ಲೇ ಮೊದಲ ಏಟು. ಸ್ಟ್ರಾಂಶಿಯಂ ಟೈಟನೇಟ್ ಇನ್ನೂ ವಿಚಿತ್ರ: ಅದರ ಡೈಎಲೆಕ್ಟ್ರಿಕ್ ಅಂಕ, ಅಂದರೆ ಕ್ಷೇತ್ರಕ್ಕೆ ಆವೇಶಗಳು ಎಷ್ಟು ಜರುಗುತ್ತವೆಂಬ ಅಳತೆ, ಕೋಣೆಯ ಉಷ್ಣತೆಯಲ್ಲಿ 300, ನಾಲ್ಕು ಕೆಲ್ವಿನ್ ಹೊತ್ತಿಗೆ 20 ಸಾವಿರಕ್ಕೂ ಮೇಲೆ. ಧ್ರುವೀಕರಣಗೊಳ್ಳುವ ಹೊಸ್ತಿಲಿಗೆ ಬಂದು ಕ್ವಾಂಟಂ ಚಡಪಡಿಕೆಯಿಂದ ಅಲ್ಲೇ ನಿಂತುಬಿಡುತ್ತದೆ ಎಂದು 1979ರಲ್ಲಿ ವಿವರಿಸಿದವರಲ್ಲಿ ಒಬ್ಬರು ಅಲೆಕ್ಸ್ ಮ್ಯುಲರ್, ಮುಂದೆ ಪಿಂಗಾಣಿ ಅತಿವಾಹಕಗಳಿಗೆ ನೊಬೆಲ್ ಪಡೆದವರು. ಇಷ್ಟು ಸುಲಭವಾಗಿ ಬಾಗುವ ಹರಳು ನಷ್ಟದಲ್ಲೂ ಧಾರಾಳಿ.

ಇನ್ನು ಸಾಲುಗೆಟ್ಟವರ ಕಥೆ. ಅಮೆರಿಕದ ಕಾರ್ನೆಲ್‌ನಲ್ಲಿ ಝೆಲ್ಲರ್ ಮತ್ತು ಪೋಲ್ 1971ರಲ್ಲಿ ಗಾಜುಗಳನ್ನು ಒಂದು ಕೆಲ್ವಿನ್‌ಗಿಂತ ಕೆಳಗೆ ತಂಪಾಗಿಸಿ ನೋಡಿದಾಗ, ಹರಳುಗಳು ಶಾಖವನ್ನು ಹಿಡಿದಿಡುವುದನ್ನು ಬಹುಮಟ್ಟಿಗೆ ಬಿಟ್ಟುಬಿಡುವ ಆ ಉಷ್ಣತೆಯಲ್ಲೂ ಗಾಜು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಶಾಖ ಹಿಡಿದಿಡುತ್ತಿತ್ತು. ಮರುವರ್ಷ ಫಿಲಿಪ್ ಆಂಡರ್ಸನ್, ಬರ್ಟ್ರಂಡ್ ಹಾಲ್ಪೆರಿನ್ ಮತ್ತು ಭಾರತ ಮೂಲದ ಚಂದ್ರ ವರ್ಮ ಒಂದು ಕಾರಣ ಕೊಟ್ಟರು; ಫಿಲಿಪ್ಸ್ ಎಂಬವರು ಬೇರೆಯಾಗಿ ಅದನ್ನೇ ಹೇಳಿದರು. ಸಾಲುಗೆಟ್ಟ ವಸ್ತುವಿನಲ್ಲಿ ಅಲ್ಲೊಂದು ಇಲ್ಲೊಂದು ಪರಮಾಣು, ಅಥವಾ ಪರಮಾಣುಗಳ ಗುಂಪು, ಎರಡು ದೋಣಿಯಲ್ಲಿ ಕಾಲಿಟ್ಟಿರುತ್ತದೆ. ಕೂರಲು ಎರಡು ಜಾಗ, ಎರಡೂ ಹೆಚ್ಚುಕಡಿಮೆ ಒಂದೇ ಶಕ್ತಿಯವು. ನಡುವಿನ ದಿಣ್ಣೆ ಹತ್ತುವಷ್ಟು ಶಾಖ ಇಲ್ಲದಿದ್ದರೂ ಕ್ವಾಂಟಂ ನಿಯಮದಂತೆ ಅದು ದಿಣ್ಣೆಯನ್ನು ಕೊರೆದು ಆಚೆಗೆ ಹೋಗಬಲ್ಲದು. ಇಂಥವಕ್ಕೆ ದ್ವಿಸ್ತರ ದೋಷಗಳು ಎನ್ನಬಹುದು. ಪ್ರತಿಯೊಂದರ ಶಕ್ತಿಯ ಅಂತರ ಬೇರೆಬೇರೆ. ಹಾಗಾಗಿ ನೀವು ಯಾವ ಆವರ್ತನ ಆರಿಸಿಕೊಂಡರೂ ಅದಕ್ಕೆ ಕಿವಿಗೊಡುವ ದೋಷವೊಂದು ಎಲ್ಲೋ ಇದ್ದೇ ಇರುತ್ತದೆ. ಅದು ಮೈಕ್ರೊವೇವಿನ ಕಣವಾದ ಫೋಟಾನನ್ನು ಹೀರಿಕೊಂಡು, ಆಮೇಲೆ ಕಂಪನವಾಗಿ ಹೊರಹಾಕುತ್ತದೆ.

ಇಲ್ಲೊಂದು ತಲೆಕೆಳಗಾದ ಸಂಗತಿ ಇದೆ. ಜೋರಾಗಿ ಮೈಕ್ರೊವೇವ್ ಹಾಯಿಸಿದರೆ ಈ ದೋಷಗಳಲ್ಲಿ ಅರ್ಧ ಮೇಲಿನ ಸ್ಥಿತಿಯಲ್ಲೂ ಅರ್ಧ ಕೆಳಗಿನ ಸ್ಥಿತಿಯಲ್ಲೂ ಇರುತ್ತವೆ. ಹೀರುವಷ್ಟೇ ಹೊರಬಿಡುತ್ತವೆ, ಲೆಕ್ಕ ಸರಿಹೋಗಿ ನಷ್ಟ ಕಾಣುವುದಿಲ್ಲ. ಉಷ್ಣತೆ ಹೆಚ್ಚಿದ್ದರೂ ಅದೇ ಪರಿಣಾಮ. ಐದು ಗಿಗಾಹರ್ಟ್ಸ್‌ನ ಒಂದು ಫೋಟಾನಿನ ಶಕ್ತಿ ಸುಮಾರು 0.24 ಕೆಲ್ವಿನ್ ಉಷ್ಣತೆಗೆ ಸಮ. ಅದಕ್ಕಿಂತ ಬಹಳ ಕೆಳಗೆ, ಒಂದೇ ಒಂದು ಫೋಟಾನಿನಷ್ಟು ಮೆಲುವಾಗಿ ಕೆಲಸ ಮಾಡಿದಾಗ ದೋಷಗಳೆಲ್ಲ ಕೆಳಸ್ಥಿತಿಯಲ್ಲಿ ಹಸಿದು ಕೂತಿರುತ್ತವೆ. ಆಗ ನಷ್ಟ ಗರಿಷ್ಠ. ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕವಾದ ಕ್ಯೂಬಿಟ್ ಕೆಲಸ ಮಾಡುವುದು ಸರಿಯಾಗಿ ಅಲ್ಲೇ: 10, 20 ಮಿಲಿಕೆಲ್ವಿನ್‌ನಲ್ಲಿ, ಒಂದು ಫೋಟಾನಿನ ಲೆಕ್ಕದಲ್ಲಿ. ನಾಲ್ಕು ಕೆಲ್ವಿನ್‌ನಲ್ಲಿ ಜೋರಾಗಿ ಅಳೆದು 'ಒಳ್ಳೆಯ ಅವಾಹಕ' ಎಂದು ಪ್ರಮಾಣಪತ್ರ ಕೊಟ್ಟಿದ್ದರೆ ಅದನ್ನು ಹರಿದುಹಾಕಬೇಕು.

ಕ್ಯೂಬಿಟ್ ಮಾಡುವವರಿಗೆ ಇದು ತಟ್ಟಿದ್ದು 2005ರಲ್ಲಿ. ಸಾಂಟಾ ಬಾರ್ಬರಾದಲ್ಲಿದ್ದ ಜಾನ್ ಮಾರ್ಟಿನಿಸ್ ಅವರ ತಂಡ, ಕ್ಯೂಬಿಟ್‌ಗಳ ಆಯುಷ್ಯ ಕುಗ್ಗಿಸುತ್ತಿರುವ ಮುಖ್ಯ ಕಳ್ಳ ಮಂಡಲದ ಸುತ್ತಲಿನ ಸಾಲುಗೆಟ್ಟ ಅವಾಹಕ ಎಂದು ತೋರಿಸಿತು. ಸಾವಿರದಲ್ಲೊಂದು ಪಾಲು ಸೋರುವ ಆಕ್ಸೈಡಿನೊಳಗೆ ಐದು ಗಿಗಾಹರ್ಟ್ಸ್‌ನ ಶಕ್ತಿ ಪೂರ್ತಿ ಕೂತರೆ ಅದರ ಆಯುಷ್ಯ 30 ನ್ಯಾನೊಸೆಕೆಂಡ್ ಅಷ್ಟೇ. ಅವಾಹಕವನ್ನು ಬದಲಿಸಿ ಮಂಡಲವನ್ನು ಮತ್ತೆ ರಚಿಸಿದಾಗ ಕ್ಯೂಬಿಟ್ 20 ಪಟ್ಟು ಹೆಚ್ಚು ಬಾಳಿತು. ಮಾರ್ಟಿನಿಸ್‌ಗೆ 2025ರ ನೊಬೆಲ್ ಬಂದದ್ದು ಅದಕ್ಕೂ 20 ವರ್ಷ ಹಿಂದಿನ ಬರ್ಕ್ಲಿ ಪ್ರಯೋಗಗಳಿಗೆ. ಆದರೂ ಚಿಪ್ ಮಾಡುವವರ ಕಣ್ಣಿನಿಂದ ನೋಡಿದರೆ ಈ ಕಸ ಗುಡಿಸುವ ಪ್ರಬಂಧವೂ ಕಡಿಮೆ ತೂಕದ್ದಲ್ಲ ಎಂದು ನನ್ನ ಅನಿಸಿಕೆ.

ಸಂಧಿಯೊಳಗಿನ ಆಕ್ಸೈಡನ್ನೇನು ಮಾಡುವುದು? ಅದಿಲ್ಲದೆ ಕ್ಯೂಬಿಟ್ ಇಲ್ಲ. ಅದನ್ನೂ ಹರಳಾಗಿಸಿಬಿಡೋಣ ಎಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಬೌಲ್ಡರ್ ಪ್ರಯೋಗಾಲಯದವರು 2006ರಲ್ಲಿ ರೀನಿಯಂ ಲೋಹದ ಮೇಲೆ ಅಲ್ಯೂಮಿನಿಯಂ ಆಕ್ಸೈಡನ್ನು ಸಾಲಾಗಿ ಬೆಳೆಸಿದರು. ದೋಷಗಳು ಶೇಕಡಾ 80ರಷ್ಟು ಕಡಿಮೆಯಾದವು. ಅಷ್ಟಾದರೂ ಜಗತ್ತು ಹಿಡಿದದ್ದು ಸುಲಭದ ಇನ್ನೊಂದು ದಾರಿ: ಸಂಧಿಯನ್ನೇ ಚಿಕ್ಕದು ಮಾಡುವುದು. ಕೆಲವೇ ಚದರ ಮೈಕ್ರಾನಿಗಿಂತ ಕಿರಿದಾದ ಜಾಗದಲ್ಲಿ ದೋಷಗಳ ಸಂಖ್ಯೆಯೇ ಬೆರಳೆಣಿಕೆ. ಅವುಗಳಲ್ಲೊಂದು ನಿಮ್ಮ ಆವರ್ತನಕ್ಕೇ ಬಂದು ಕೂರುವ ಸಂಭವ ಕಡಿಮೆ. ಕೂತರೆ ಆ ಕ್ಯೂಬಿಟ್ಟಿನ ಗ್ರಹಚಾರ.

ಆಮೇಲೆ ಉಳಿದದ್ದು ಮೇಲ್ಮೈಗಳ ಕೊಳೆ. ಲೋಹ ಗಾಳಿಗೆ ತೆರೆದಲ್ಲಿ, ಹರಳು ಗಾಳಿಗೆ ತೆರೆದಲ್ಲಿ, ಲೋಹ ಹರಳಿಗೆ ತಾಗುವಲ್ಲಿ ಕೆಲವೇ ನ್ಯಾನೊಮೀಟರ್ ದಪ್ಪದ ಸಾಲುಗೆಟ್ಟ ಪದರಗಳು. ಯೇಲ್‌ನಲ್ಲಿ 2011ರಲ್ಲಿ ಹಾನ್‌ಹೀ ಪೈಕ್ ಮತ್ತು ಸಂಗಡಿಗರು ನೀಲಮಣಿಯ ಮೇಲಿನ ಕ್ಯೂಬಿಟ್ಟನ್ನು ಲೋಹದ ಕುಳಿಯೊಳಗೆ ತೂಗುಬಿಟ್ಟು ಕ್ಷೇತ್ರವನ್ನು ವಿಶಾಲ ಜಾಗಕ್ಕೆ ಹರಡಿದರು. ಮೇಲ್ಮೈಗಳ ಪಾಲು ಕುಗ್ಗಿತು, ಆಯುಷ್ಯ 60 ಮೈಕ್ರೊಸೆಕೆಂಡ್ ಮುಟ್ಟಿತು. ಫರ್ಮಿಲ್ಯಾಬ್‌ನ ಅಲೆಕ್ಸಾಂಡರ್ ರೊಮಾನೆಂಕೊ ತಂಡ ಕಣವೇಗವರ್ಧಕದ ನಯೋಬಿಯಂ ಕುಳಿಗಳನ್ನು ನಿರ್ವಾತದಲ್ಲಿ ಕಾಯಿಸಿ ಅವುಗಳ ಆಕ್ಸೈಡ್ ಪೊರೆಯನ್ನು ಕಳಚಿತು. ಖಾಲಿ ಕುಳಿಯಲ್ಲಿ ಫೋಟಾನ್ ಎರಡು ಸೆಕೆಂಡಿನವರೆಗೆ ಬಾಳಿತು. ಪ್ರಿನ್ಸ್‌ಟನ್‌ನಲ್ಲಿ ಆಂಡ್ರ್ಯೂ ಹೌಕ್ ಮತ್ತು ನಟಾಲಿ ಡಿ ಲಿಯಾನ್ ಅವರ ಬಳಗ ನಯೋಬಿಯಂ ಬಿಟ್ಟು ಟ್ಯಾಂಟಲಂ ಹಿಡಿಯಿತು. ಟ್ಯಾಂಟಲಂನ ಆಕ್ಸೈಡ್ ತೆಳ್ಳಗೆ, ಸಭ್ಯ. ಕಟುವಾದ ಆಮ್ಲಗಳಲ್ಲಿ ಅದ್ದಿ ತೊಳೆದರೂ ಲೋಹ ಜಗ್ಗುವುದಿಲ್ಲ. ನೀಲಮಣಿಯ ಮೇಲಿನ ಟ್ಯಾಂಟಲಂ ಕ್ಯೂಬಿಟ್ 2021ರಲ್ಲಿ 0.3 ಮಿಲಿಸೆಕೆಂಡ್ ದಾಟಿತು.

ಇಲ್ಲಿಗೆ ಎಲ್ಲರ ನೋಟ ಮತ್ತೆ ಹರಳಿನ ಕಡೆ ತಿರುಗಿತು. ಮೇಲಿನ ಕೊಳೆ ತೆಗೆದ ಮೇಲೆ ಅಡಿಯ ನೀಲಮಣಿಯೇ ಸೋರುತ್ತಿದ್ದರೆ? ಪರ್ತ್‌ನ ಡೇನಿಯಲ್ ಕ್ರೀಡನ್ ಮತ್ತು ಟೋಬರ್ ಬಳಗ 2011ರಲ್ಲೇ ತಮ್ಮ ಬಿಲ್ಲೆಯನ್ನು 30 ಮಿಲಿಕೆಲ್ವಿನ್‌ಗೆ ಇಳಿಸಿ, ಒಂಟಿ ಫೋಟಾನಿನ ಮಟ್ಟದಲ್ಲಿ ಅಳೆದಿತ್ತು. ನಾಲ್ಕು ಕೆಲ್ವಿನ್‌ನಲ್ಲಿ ಶತಕೋಟಿಯಲ್ಲಿ ಒಂದು ಪಾಲು ಎಂದು ಹೆಸರಾಗಿದ್ದ ನಷ್ಟ ಅಲ್ಲಿ ಸುಮಾರು 20 ಪಾಲಾಗಿ ಕಂಡಿತು. ಅಲ್ಲಿ ಸಿಕ್ಕಿಬಿದ್ದದ್ದೂ ಹರಳಿನೊಳಗಿನ ಪುಟ್ಟ ಕಾಂತಗಳೇ. ಜೋರಿನ ಅಳತೆಯಲ್ಲಿ ತಣಿದು ಸುಮ್ಮನಿದ್ದವು, ಮೆಲುದನಿಗೆ ಎಚ್ಚೆತ್ತಿದ್ದವು. ಯೇಲ್ ತಂಡ 2023ರಲ್ಲಿ ಬೇರೊಂದು ವಿಧಾನದಿಂದ, ಉತ್ಕೃಷ್ಟ ಕುಳಿಯೊಂದಕ್ಕೆ ನೀಲಮಣಿಯ ತುಂಡನ್ನು ಇಳಿಬಿಟ್ಟು, ಕ್ಯೂ ಎಷ್ಟು ಕುಸಿಯಿತೆಂದು ನೋಡಿತು. ಎರಡು ಬಗೆಯ ಹರಳು ತೆಗೆದುಕೊಂಡರು. ಒಂದು, ಕರಗಿದ ಅಲ್ಯೂಮಿನಾವನ್ನು ಅಚ್ಚಿನ ಸೀಳಿನ ಮೂಲಕ ಮೇಲಕ್ಕೆಳೆದು ಬೇಗ ಬೆಳೆಸಿದ್ದು. ಅದರ ನಷ್ಟ ಶತಕೋಟಿಯಲ್ಲಿ 60ರ ಆಸುಪಾಸು. ಇನ್ನೊಂದು, 2000 ಡಿಗ್ರಿ ದಾಟಿದ ಮೂಸೆಯಲ್ಲಿ, ಅಡಿಯ ಬೀಜಹರಳನ್ನು ಹೀಲಿಯಂ ಅನಿಲದಿಂದ ತಂಪಾಗಿಸುತ್ತ ನಿಧಾನವಾಗಿ ಗಟ್ಟಿಗೊಳಿಸಿದ್ದು. ಅದರದು 20ರ ಒಳಗೆ. ಕ್ಯಾಟಲಾಗಿನಲ್ಲಿ ಎರಡಕ್ಕೂ ಒಂದೇ ರಾಸಾಯನಿಕ ಸೂತ್ರ.

ಈ ಅಂಕಿಗಳನ್ನು ಆಯುಷ್ಯಕ್ಕೆ ತಿರುಗಿಸಿ ನೋಡಿ. ಐದು ಗಿಗಾಹರ್ಟ್ಸ್‌ನಲ್ಲಿ 60 ಎಂದರೆ ಅರ್ಧ ಮಿಲಿಸೆಕೆಂಡಿಗೆ ಗೋಡೆ ಅಡ್ಡ. 20 ಎಂದರೆ ಒಂದೂವರೆ ಮಿಲಿಸೆಕೆಂಡ್ ಚಿಲ್ಲರೆ. ಟ್ಯಾಂಟಲಂ ಕ್ಯೂಬಿಟ್‌ಗಳು ಆ ಗೋಡೆಯ ನೆರಳಿಗೆ ಬಂದು ನಿಂತಿದ್ದವು. ನಮ್ಮಲ್ಲಿ 2023ರಲ್ಲಿ 6,003 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್ ಘೋಷಣೆಯಾಯಿತು, ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂತು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಯೂಪೈ ಎಐ ಕಂಪನಿ 25 ಅತಿವಾಹಕ ಕ್ಯೂಬಿಟ್‌ಗಳ ಯಂತ್ರವನ್ನು ತೋರಿಸಿತು. ಸುದ್ದಿಗಳಲ್ಲಿ ಕ್ಯೂಬಿಟ್‌ಗಳ ಎಣಿಕೆ ದಪ್ಪಕ್ಷರದಲ್ಲಿ ಬರುತ್ತದೆ, ಅವು ಕೂತ ನೆಲದ ಸುದ್ದಿ ಬರುವುದಿಲ್ಲ. ಪತ್ರಿಕೆಯವರನ್ನು ದೂರಿ ಫಲವಿಲ್ಲ. ಶತಕೋಟಿಯಲ್ಲಿ 20 ಪಾಲು ಎಂಬ ತಲೆಬರಹಕ್ಕೆ ಯಾರು ಪುಟ ತಿರುವುತ್ತಾರೆ?

ಪ್ರಿನ್ಸ್‌ಟನ್‌ನವರು 2025ರಲ್ಲಿ ನೀಲಮಣಿಯನ್ನೇ ಬಿಟ್ಟರು. ಆಕ್ಸೈಡ್ ಅಲ್ಲದ, ಅತಿ ಶುದ್ಧ ಸಿಲಿಕಾನ್ ಬಿಲ್ಲೆಯ ಮೇಲೆ ಟ್ಯಾಂಟಲಂ ಹರಡಿ ಮಾಡಿದ ಕ್ಯೂಬಿಟ್ 1.68 ಮಿಲಿಸೆಕೆಂಡಿನವರೆಗೆ ಬಾಳಿತು. ಕೋಣೆಯ ಉಷ್ಣತೆಯಲ್ಲಿ ಇದೇ ಸಿಲಿಕಾನ್ ನೀಲಮಣಿಯ ಮುಂದೆ ನಿಲ್ಲಲಾರದು. ಅದು ಅಷ್ಟಿಷ್ಟು ವಿದ್ಯುತ್ ಹರಿಸುವ ಅರೆವಾಹಕ. ಮಿಲಿಕೆಲ್ವಿನ್ ಚಳಿಯಲ್ಲಿ ಅದರ ಆವೇಶಗಳೆಲ್ಲ ಹೆಪ್ಪುಗಟ್ಟುವುದರಿಂದ ಅಲ್ಲಿ ಮಾತ್ರ ಅದರದು ಮೇಲುಗೈ. ಗಡಿಯಾರ ಮಾಡುವವರು ಇದರಿಂದ ವಿಚಲಿತರಾಗಬೇಕಾದ್ದಿಲ್ಲ. ಅವರ ಹರಳು ದುಡಿಯುವುದು ಆರು ಕೆಲ್ವಿನ್‌ನಲ್ಲಿ, ಕೋಟ್ಯಂತರ ಫೋಟಾನುಗಳ ಗದ್ದಲದ ನಡುವೆ. ಅಲ್ಲಿ ನೀಲಮಣಿಗೆ ಎದುರಾಳಿ ಇನ್ನೂ ಹುಟ್ಟಿಲ್ಲ, ಅದರೊಳಗಿನ ಚಿಟಿಕೆ ಕ್ರೋಮಿಯಂ ಕೂಡ ಅವರಿಗೆ ಬೇಕು.